ತಾರಸಿಯ ಮೇಲೆ ಒಣಗಿದ ಬಾಗಿಲು

ಕಳೆದ ವಾರ ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು ಸೋರುತ್ತಿದೆಯೆಂದು ಅದರ ಒಳಗೋಡೆಗೆ ಫೈಬರ್ ಹಚ್ಚಲು ಇಬ್ಬರು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ, ಫೈಬರನ್ನು ಗಟ್ಟಿಯಾಗಿಸುವ ಅಂಟಿನ, ರೆಸಿನ್ನಿನ ವಾಸನೆ ಮೆಟ್ಟಿಲಿಳಿದು ನಮ್ಮ ಮನೆಗೆ ಬಂತು. ಮೊದಲ ಉಸಿರಿಗೆ ಸಿಹಿ ಅನ್ನಿಸಿ ಎರಡನೆಯದಕ್ಕೆ ಮೂಗಿನ ಬುಡವನ್ನೇ ಚುಚ್ಚುವ ವಾಸನೆ. ಉಗುರಿಗೆ ಹಚ್ಚುವ ಬಣ್ಣದ ಸೀಸೆ ತೆರೆದಂತೆ, ಆದರೆ ಒಂದು ಸೀಸೆಯಲ್ಲ, ಕೊಡಗಟ್ಟಲೆ. ನಾನು ಓದುತ್ತಿದ್ದ ಪುಟದ ಮೇಲೆ ಬೆರಳಿಟ್ಟು ಹಾಗೇ ಕೂತೆ. ವಾಸನೆ ಎಳೆದು ತಂದ ನೆನಪು ಸುಳ್ಳು ಹೇಳುವುದಿಲ್ಲ ಎಂದು ನನ್ನ ಹೆಂಡತಿ ನಂಬುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ನನ್ನ ನೆನಪು ಹಲವು ಸಲ ನನಗೇ ಅನುಕೂಲವಾಗುವಂತೆ ಸಾಕ್ಷಿ ಹೇಳಿದ್ದನ್ನು ಕಂಡಿದ್ದೇನೆ. ಆದರೂ ಅವತ್ತು ಬೊಮ್ಮಸಂದ್ರದ ಆ ಶೆಡ್ಡು, ಅದರೊಳಗಿನ ಬಣ್ಣವಿಲ್ಲದ ಕಾರು, ಕಾರಿನ ಪಕ್ಕ ಮೊಣಕಾಲೂರಿ ಕೂತ ನಮ್ಮ ಓನರು, ಎಲ್ಲವೂ ಒಟ್ಟಿಗೆ ಬಂದವು.

ಹತ್ತೋ ಹನ್ನೆರಡೋ ವರ್ಷವಾಗಿರಬೇಕು. ಆಗ ನಾನು ಹೊಸೂರು ರಸ್ತೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅದು ನನ್ನ ಮೂರನೆಯ ಕಾಲೇಜು. ಒಂದೆಡೆ ನಿಲ್ಲುವ ಸ್ವಭಾವ ನನ್ನದಲ್ಲ. ಪಿಎಚ್‌ಡಿ ಬರೆಯುತ್ತಿದ್ದೇನೆಂದು ಎಲ್ಲರಿಗೂ ಹೇಳಿಕೊಂಡಿದ್ದೆ. ಕಾರ್ಖಾನೆಗಳ ಬೆನ್ನಿಗೆ, ಹಿಂದೆ ರಾಗಿ ಹೊಲವಾಗಿದ್ದ ಜಾಗದಲ್ಲಿ, ಸಾಲಾಗಿ ಆರು ಬಾಡಿಗೆ ಮನೆಗಳಿದ್ದವು. ಕೊನೆಯದರಲ್ಲಿ ನಾನಿದ್ದೆ. ಮುಂದಿನ ದೊಡ್ಡ ಮನೆ ಓನರದು. ಅವರಿಗೂ ಹೆಸರಿತ್ತು, ವಠಾರದಲ್ಲಿ ಯಾರೂ ಅದನ್ನು ಹಿಡಿದು ಕರೆಯುತ್ತಿರಲಿಲ್ಲ. ಅವರು ಓನರು, ಅವರ ಹೆಂಡತಿ ಓನರಮ್ಮ, ನಾನು ಮೇಷ್ಟ್ರು.

ಓನರಿಗೆ ಐವತ್ತೈದು ದಾಟಿತ್ತು. ಹೊಲ ಅವರಪ್ಪನ ಕಾಲಕ್ಕೇ ಕರಗಿತ್ತು. ಅವರು ಇಪ್ಪತ್ತು ವರ್ಷ ಫೈಬರ್ ಕಾರ್ಖಾನೆಯೊಂದರಲ್ಲಿ ಬಸ್ಸಿನ ಸೀಟು, ನೀರಿನ ತೊಟ್ಟಿ, ಲಾರಿಯ ಮೂತಿ ಇಂಥವನ್ನೆಲ್ಲ ಮಾಡಿ, ಅದು ಮುಚ್ಚಿದ ಮೇಲೆ ಮನೆಗೆ ಬಂದಿದ್ದರು. ಗಾಜಿನ ನಾರಿನ ಹಾಸು ಕತ್ತರಿಸಿ ಕತ್ತರಿಸಿ ಅವರ ಮುಂಗೈಯಲ್ಲಿ ಸದಾ ಕೆಂಪು ಗಂಧೆಗಳಿರುತ್ತಿದ್ದವು. ಮಾತಾಡುವಾಗ ತುರಿಸಿಕೊಳ್ಳುತ್ತಿದ್ದರು. ನನ್ನ ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದ ಶೆಡ್ಡಿನಲ್ಲಿ ಅವರು ಕಾರು ಕಟ್ಟುತ್ತಿದ್ದರು.

ಗುಜರಿಗೆ ಹೋಗಬೇಕಿದ್ದ ಹಳೆಯ ವ್ಯಾನೊಂದರ ಚಾಸಿ ಮತ್ತು ಎಂಜಿನ್ನು. ಮೇಲಿನ ಮೈಯೆಲ್ಲ ಅವರದೇ ಕೈಕೆಲಸ, ಫೈಬರಿನದು. ನೋಡಲು ಚೆನ್ನಾಗಿರಲಿಲ್ಲ. ಕುಳ್ಳ ಬಸ್ಸಿನಂತೆ, ಇಲ್ಲವೇ ಚಕ್ರವಿಟ್ಟ ಬೀರುವಿನಂತೆ ಇತ್ತು. ಅದರ ಎಡಪಕ್ಕಕ್ಕೆ ಒಂದೇ ಬಾಗಿಲು, ಮನೆಯ ಬಾಗಿಲಿನಷ್ಟು ಎತ್ತರ, ಅದಕ್ಕಿಂತ ಅಗಲ. ದಾರಿಯಲ್ಲಿ ಹೋಗುವವರು ಶೆಡ್ಡಿನೊಳಗೆ ಇಣುಕಿ, "ಏನ್ ಓನರೇ, ರಾಕೆಟ್ ಯಾವಾಗ ಹಾರ್ಸೋದು?" ಎಂದರೆ, "ನಿನ್ ಮದ್ವೆ ದಿಬ್ಬಣಕ್ಕೆ ಕಣೋ. ಹುಡ್ಗಿ ನೋಡ್ಕೊಂಡ್ ಬಾ, ಹೋಗು" ಎನ್ನುತ್ತಿದ್ದರು.

ಆ ಬಾಗಿಲು ಅಷ್ಟು ದೊಡ್ಡದಾಗಿದ್ದುದು ಓನರಮ್ಮನಿಗಾಗಿ. ಅವರ ಸೊಂಟ ಎರಡೂ ಕಡೆ ಹಿಡಿದುಕೊಂಡುಬಿಟ್ಟಿತ್ತು. ವಾಕರ್ ಹಿಡಿದು ನಿಲ್ಲಬಲ್ಲರು, ಹತ್ತಿಪ್ಪತ್ತು ಹೆಜ್ಜೆ ಹಾಕಬಲ್ಲರು, ಬಗ್ಗಲಾರರು. ಆಟೋ ಆಗದು, ಕಾರು ಆಗದು, ಟೆಂಪೊ ಮೆಟ್ಟಿಲು ಆಗದು. ಮೂರು ವರ್ಷದಲ್ಲಿ ಅವರು ಗೇಟು ದಾಟಿದ್ದು ಆಂಬುಲೆನ್ಸಿನಲ್ಲಿ ಮಲಗಿ, ಆಸ್ಪತ್ರೆಗೆ ಮಾತ್ರ. ತಾಯಿಯಿಲ್ಲದ ಅವರನ್ನು ಸಾಕಿ ಮದುವೆ ಮಾಡಿಕೊಟ್ಟ ಅಕ್ಕ ಅತ್ತಿಬೆಲೆಯಿಂದಾಚೆ ಒಂದು ಹಳ್ಳಿಯಲ್ಲಿದ್ದರು. ಪ್ರತಿ ಗೌರಿ ಹಬ್ಬಕ್ಕೂ ಆ ಅಕ್ಕನಿಂದ ಬಾಗಿನದ ಮೊರ ಬರುತ್ತಿತ್ತು. ಹಿಂದಿನ ವರ್ಷ ಬರಲಿಲ್ಲ. ಅಕ್ಕ ಹಾಸಿಗೆ ಹಿಡಿದಿದ್ದರು. ಈ ಗೌರಿಗೆ ತಾನೇ ಹೋಗಿ ನೋಡಬೇಕೆಂದು ಓನರಮ್ಮ ಹಟ ಹಿಡಿದಿದ್ದರು. ಇನ್ನೊಂದು ಗೌರಿಯನ್ನು ಅಕ್ಕ ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಆಂಬುಲೆನ್ಸಿನಲ್ಲೇ ಹೋಗಿಬರಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಎಲ್ಲದಕ್ಕೂ ಹೀಗೊಂದು ಪ್ರಶ್ನೆ ಹಾಕುವುದು ನನ್ನ ಚಾಳಿ.

"ಆಂಬುಲೆನ್ಸ್ ಅಕ್ಕನ ಬಾಗ್ಲಲ್ಲಿ ನಿಂತ್ರೆ ಅವ್ಳಿಗೆ ಅಲ್ಲೇ ಎದೆ ಒಡ್ದೋಯ್ತದೆ ಮೇಷ್ಟ್ರೆ" ಎಂದರು ಓನರಮ್ಮ. "ನಾಕ್ ಜನ ಗಂಡಸ್ರು ನನ್ನ ಮೂಟೆ ಇಳಿಸ್ದಂಗೆ ಇಳಿಸ್ಬೇಕು. ತವ್ರಿಗೆ ಅಂಗಾ ಓಗೋದು?"

ಹೀಗಾಗಿ ಕಾರಿನ ನೆಲ ಹೊಸ್ತಿಲಿನಷ್ಟು ತಗ್ಗು, ಒಳಗಿನ ಸೀಟು ಆರಾಮ ಕುರ್ಚಿಯಂತೆ ಹಿಂದಕ್ಕೆ ಒರಗಿದ್ದು, ಬಾಗಿಲು ಅಷ್ಟು ಅಗಲ. ಅಗಲವಾದದ್ದೇ ತೊಂದರೆಯಾಯಿತು. ತೆಳ್ಳಗಿನ ಫೈಬರ್ ಹಾಳೆ ಅಷ್ಟು ದೊಡ್ಡದಾದಾಗ ಗಾಳಿಗೆ ಹಿಡಿದ ಹಪ್ಪಳದಂತೆ ಬಳುಕುತ್ತಿತ್ತು. ಎಂಜಿನ್ ಚಾಲೂ ಮಾಡಿದರೆ ಸಾಕು, ದಬದಬ ಬಡಿದುಕೊಂಡು ಚಿಲಕ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಓನರು ಅದರ ಮೇಲೆ ಇನ್ನೆರಡು ಪದರ ಹಾಕಿದರು. ತೂಕ ಹೆಚ್ಚಿ ಬಾಗಿಲು ಜೋತುಬಿದ್ದಿತೇ ಹೊರತು ಬಳುಕು ಹೋಗಲಿಲ್ಲ.

ಆಗ ನಾನು ಪಾಠ ಹೇಳಿದೆ. ಇದು ನನಗೆ ಚೆನ್ನಾಗಿ ನೆನಪಿದೆ, ಅಥವಾ ಇದರಲ್ಲಿ ನಾನು ಜಾಣನಾಗಿ ಕಾಣುವುದರಿಂದ ಚೆನ್ನಾಗಿ ಉಳಿದಿದೆ. ಇಡೀ ಹಾಳೆಗೆ ಪದರ ಬಳಿಯುವುದು ದಂಡ, ಅಲ್ಲಲ್ಲಿ ಏಣು ಎಬ್ಬಿಸಿ ಆಳ ಕೊಡಬೇಕು, ಆಳ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ ಎಂದು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ತೋರಿಸಿದೆ. ಓನರು ಮುಂಗೈ ತುರಿಸಿಕೊಳ್ಳುತ್ತಾ ಕೇಳಿದರು. ಶೆಡ್ಡಿನ ಎದುರಿಗೇ ಇದ್ದ ಅಡಿಗೆಮನೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದ ಓನರಮ್ಮ ಒಳಗಿನಿಂದ ಒಂದು ಹಳೆಯ ಮೊರವನ್ನು ನಮ್ಮ ಕಡೆಗೆ ಎಸೆದರು.

"ಅದ್ಕೇ ಅಲ್ವಾ ಇದ್ರ ಅಂಚಿಗೆ ದಬ್ಬೆ ಕಟ್ಟೋದು? ಬೆನ್ನಿಗೊಂದು ಅಡ್ಡದಬ್ಬೆ. ಇಲ್ದಿದ್ರೆ ರಾಗಿ ಕೇರಕ್ಕಾಯ್ತದಾ? ಇದ್ಕೆ ಎಂಟ್ ಪಟ್ಟು ಯಾಕೆ?"

"ನೋಡಿ ಮೇಷ್ಟ್ರೆ" ಎಂದು ಓನರು ನಕ್ಕರು. "ಇವ್ಳಿಗೊಂದು ಡಿಗ್ರಿ ಕೊಡ್ಸಿ."

ಕಾರ್ಖಾನೆಯಲ್ಲೂ ಅವರು ದೊಡ್ಡ ತೊಟ್ಟಿಗಳಿಗೆ ಇಂಥದೇ ಅಡ್ಡದಬ್ಬೆ, ಅವರ ಮಾತಿನಲ್ಲಿ ರಿಬ್ಬು, ಕೂರಿಸಿದವರೇ, ಮೊದಲಿಗೆ ಹೊಳೆದಿರಲಿಲ್ಲವಷ್ಟೆ. ಕಾಗದವನ್ನು ಹಗ್ಗದಂತೆ ಹೊಸೆದು ಹಾಳೆಯ ಒಳಮೈಗೆ ಅಡ್ಡಡ್ಡ ಅಂಟಿಸುವುದು, ಅದರ ಮೇಲೆ ಗಾಜಿನ ನಾರಿನ ಪಟ್ಟಿ ಹೊದಿಸಿ ರೆಸಿನ್ ಕುಡಿಸುವುದು. ಒಣಗಿದರೆ ಏಣಿನಂತೆ ಎದ್ದು ನಿಲ್ಲುತ್ತದೆ. ಕಾಗದ ಏನು ಗಟ್ಟಿ ಎಂದು ನಾನು ಅನುಮಾನಿಸಿದೆ. "ಕಾಗ್ದ ಗಟ್ಟಿ ಇರ್ಬೇಕಿಲ್ಲ ಮೇಷ್ಟ್ರೆ, ಆಕಾರ ಕೊಟ್ರೆ ಸಾಕು. ಗಟ್ಟಿ ಇರೋದು ಮೇಲ್ಗಡೆ ಚಿಪ್ಪು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಪಾಠ ಮಾಡುತ್ತಿದ್ದುದೂ ಅದನ್ನೇ.

ವಠಾರದಲ್ಲಿ ಹಳೆಯ ಪೇಪರು ಸಾಲದಾದಾಗ ನನ್ನ ಪ್ರಬಂಧದ ಕರಡುಗಳ ಒಂದು ಕಟ್ಟನ್ನು ಕೊಟ್ಟೆ. ಓನರು ಹಾಳೆಗಳನ್ನು ತಿರುವಿ ನೋಡಿದರು.

"ಇಷ್ಟೊಂದ್ ಬರ್ದಿದೀರಲ್ಲ, ಯಾರಾದ್ರೂ ಓದವ್ರಾ?"

"ಇಲ್ಲ."

"ಸರಿ ಬಿಡಿ. ಬಾಗ್ಲಾದ್ರೂ ಓದ್ಕೊಳ್ಲಿ."

ಮೊದಲು ಬಾನೆಟ್ಟಿಗೆ ಮಾಡಿದರು, ಕಾರಿಗೆ ಬಿಗಿದ ಹಾಗೇ, ಶೆಡ್ಡಿನೊಳಗೇ. ಮರುದಿನ ಗೆಣ್ಣಿನಿಂದ ತಟ್ಟಿದರೆ ದಬದಬ ಹೋಗಿ ಟಕ್ಕೆಂದಿತು. ಅವರು ಮೂರ್ನಾಲ್ಕು ಸಲ ತಟ್ಟಿ, ಮತ್ತೆ ಹೆಂಡತಿಯನ್ನು ಕರೆದು ಅವರ ಕೈಯಿಂದಲೂ ತಟ್ಟಿಸಿದರು. ಒಬ್ಬ ಮನುಷ್ಯನ ಮುಖದಲ್ಲಿ ಅಷ್ಟು ಬಿಡುಗಡೆಯನ್ನು ನಾನು ಆಮೇಲೆ ಹೆಚ್ಚು ಸಲ ಕಂಡಿಲ್ಲ.

ಉಳಿದದ್ದು ಬಾಗಿಲು. ಗೌರಿಗೆ ಹತ್ತು ದಿನವೋ ಎಂಟು ದಿನವೋ ಇತ್ತು.

ಇಲ್ಲಿಂದ ಮುಂದೆ ನನ್ನ ನೆನಪು ನಂಬಿಕೆಗೆ ಯೋಗ್ಯವಲ್ಲ. ನನ್ನೊಳಗೆ ಇದ್ದದ್ದು ಹೀಗೆ. ಪಕ್ಕದ ಮನೆಯಲ್ಲಿ ಔಷಧ ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದ ಒಬ್ಬರು, ಅವರ ಹೆಂಡತಿ, ಒಂದು ಕೈಗೂಸು. ಬಾನೆಟ್ಟಿನ ಕೆಲಸ ನಡೆದ ದಿನ ವಾಸನೆಗೆ ಕೂಸು ಅತ್ತಿತು. ಆಕೆ ಬಂದು, "ಮಗೂಗೆ ಆಗಲ್ಲ ಓನರೇ, ಸ್ವಲ್ಪ ದೂರ ಮಾಡ್ಕೊಳ್ಳಿ" ಎಂದರು. ಓನರು ಸರಿ ಎಂದು ಬಾಗಿಲನ್ನು ಕಾರಿನಿಂದ ಬಿಚ್ಚಿ, ಮೂವರ ಕೈ ಸೇರಿಸಿ ತಮ್ಮ ಮನೆಯ ತಾರಸಿಗೆ ಹೊತ್ತೊಯ್ದರು. ಮೂವರಲ್ಲಿ ನಾನೂ ಒಬ್ಬ. ಮೆಟ್ಟಿಲಿನಲ್ಲಿ ಆ ಹಾಳೆ ಬಳುಕಿ ಬಳುಕಿ ನನ್ನ ಗಲ್ಲಕ್ಕೆ ತಗುಲಿದ್ದು ಇಂದಿಗೂ ಮೈಗೆ ಗೊತ್ತಿದೆ...

ಬಳುಕುವ ಹಾಳೆಗೆ ರಿಬ್ಬು ಕೂರಿಸುವಾಗ ಅದನ್ನು ಯಾವ ಆಕಾರದಲ್ಲಿ ಹಿಡಿದಿಡುತ್ತೀರೋ ಅದೇ ಆಕಾರದಲ್ಲಿ ಅದು ಖಾಯಂ ಆಗುತ್ತದೆ. ಹಾಗಾಗಿ ಬಾಗಿಲನ್ನು ಅದರ ಚೌಕಟ್ಟಿಗೇ ಬಿಗಿದು ಮಾಡಬೇಕು. ನಾನು ಇದನ್ನು ಅವರಿಗೆ ಹೇಳಿದ್ದೆನೆಂದು ಬಹಳ ವರ್ಷ ನಂಬಿದ್ದೆ. ಈಗ ನೋಡಿದರೆ, ಹೇಳಿದ ಜಾಗ, ಹೊತ್ತು, ಅವರ ಉತ್ತರ, ಒಂದೂ ಇಲ್ಲ. ಬರೀ ಹೇಳಿದ್ದೆ ಎಂಬ ಒಂದು ವಾಕ್ಯವಿದೆ.

ತಾರಸಿ ನೋಡಲು ಸಮವಾಗಿತ್ತು. ಮಳೆನೀರು ಹೋಗಲೆಂದು ಮೇಸ್ತ್ರಿ ಅದಕ್ಕೆ ಎಲ್ಲ ಕಡೆಯಿಂದ ಒಂದು ಮೂಲೆಯತ್ತ ಇಳಿಜಾರು ಕೊಟ್ಟಿದ್ದ. ಅದಕ್ಕೆ ಮೇಸ್ತ್ರಿಗಳು ವಾಟ ಅನ್ನುತ್ತಾರೆ. ಬಾಗಿಲು ಆ ವಾಟಕ್ಕೆ ಒದ್ದೆ ಬಟ್ಟೆಯಂತೆ ಹೊಂದಿಕೊಂಡು ಮಲಗಿತು. ಓನರು ನಾಲ್ಕು ಮೂಲೆಗೆ ಇಟ್ಟಿಗೆ ಚೂರು ಕೊಟ್ಟು, ಒಂದು ಕಣ್ಣು ಮುಚ್ಚಿ ಅಂದಾಜು ನೋಡಿ, ಕೆಲಸ ಶುರು ಮಾಡಿದರು. ಬಿಸಿಲಿಗೆ ರೆಸಿನ್ ಬೇಗ ಹಿಡಿಯಿತು. ಸಂಜೆಗೆ ಬಾಗಿಲು ಕಲ್ಲು. ತಟ್ಟಿದರೆ ಬಾನೆಟ್ಟಿಗಿಂತ ಚೆನ್ನಾದ ಸದ್ದು. ಕೆಳಗೆ ತಂದು ಕಾರಿಗೆ ಇಟ್ಟಾಗ ಮೇಲಿನ ಮೂಲೆ ಕೂತರೆ ಕೆಳಗಿನ ಮೂಲೆ ಮೂರು ಬೆರಳು ಹೊರಗೆ. ಕೆಳಗಿನದನ್ನು ಒತ್ತಿದರೆ ಮೇಲಿನದು ಹೊರಗೆ.

ಆ ವಾರ ಓನರು ಏನೇನೋ ಮಾಡಿದರು. ಮೂಲೆಗೆ ಜಾಕ್ ಕೊಟ್ಟರು, ಬಿಸಿಗಾಳಿ ಊದಿದರು, ಕಲ್ಲು ಹೇರಿದರು. ಒಮ್ಮೆ ಹಿಡಿದ ರೆಸಿನ್ ಮತ್ತೆ ಮೆತ್ತಗಾಗುವುದಿಲ್ಲ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ರಿಬ್ಬನ್ನು ಗರಗಸದಿಂದ ಕೊಯ್ದರು, ಹಾಳೆಯೇ ಸೀಳಿತು. ಬಾಗಿಲಿನ ಹಾಳೆ ತೆಗೆದ ಅಚ್ಚನ್ನು ಮೊದಲೇ ಒಡೆದುಹಾಕಿದ್ದರಿಂದ ಹೊಸ ಬಾಗಿಲಿಗೆ ತಿಂಗಳು ಬೇಕಿತ್ತು.

ಗೌರಿಯ ಬೆಳಿಗ್ಗೆ ಓನರಮ್ಮ ಹಸಿರು ಸೀರೆ ಉಟ್ಟು ವಾಕರ್ ಹಿಡಿದು ಶೆಡ್ಡಿಗೆ ಬಂದರು. ಸೀರೆ ಹಸಿರೇ ಇತ್ತೆ, ಹೇಳಲಾರೆ. ಹಿಂದೆ ಯಾರೋ ಅವರ ಬಾಗಿನದ ಮೊರಗಳನ್ನು ಹಿಡಿದಿದ್ದರು.

"ಹಗ್ಗ ಕಟ್ಟಿ ನಡೀರಿ" ಎಂದರು. "ಹದ್ನೈದ್ ಕಿಲೋಮೀಟ್ರು. ನಾನೂ ಒಳಗಿಂದ ಹಿಡ್ಕೋತೀನಿ."

ಮೂರು ವರ್ಷದಲ್ಲಿ ಮೊದಲ ಸಲ ಅವರು ಯಾರ ಕೈಯೂ ಇಲ್ಲದೆ ಒಂದು ವಾಹನದೊಳಗೆ ಹೋಗಿ ಒರಗಿದರು. ಅಷ್ಟರಮಟ್ಟಿಗೆ ಕಾರು ಸರಿಯಾಗಿತ್ತು. ಓನರು ಬಾಗಿಲನ್ನು ಎಳೆದು ನೈಲಾನ್ ಹಗ್ಗದಲ್ಲಿ ಬಿಗಿದರು. ಮೂರು ಬೆರಳಿನ ಸಂದು ಒಂದು ಬೆರಳಾಯಿತು. ಓನರಮ್ಮ ಮೊರ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ವಠಾರದ ಹೆಂಗಸರಿಗೆ, "ಸಾಯಂಕಾಲ ಬತ್ತೀನಿ, ಹಾಲ್ ತಗೊಂಡ್ ಮಡ್ಗಿರ್ರಮ್ಮ" ಎಂದರು. ನಾನು ಹಿಂದೆ ನಡೆದು ಹೋದೆ. ಓಣಿಯ ಕೊನೆಯಲ್ಲಿ, ದೊಡ್ಡ ರಸ್ತೆಗೆ ಸೇರುವ ಮೊದಲು, ಗಾಡಿಗಳ ವೇಗ ತಗ್ಗಿಸುವ ಒಂದು ಹಂಪು ಇತ್ತು. ಓನರು ಬಹಳ ನಿಧಾನವಾಗಿ ಹತ್ತಿಸಿದರು. ಮೊದಲಿನ ಬಳುಕುವ ಬಾಗಿಲಾಗಿದ್ದರೆ ನಲುಗಿಕೊಂಡು ಸುಮ್ಮನಿರುತ್ತಿತ್ತೇನೋ. ಇದಕ್ಕೆ ನಲುಗಲು ಬರುತ್ತಿರಲಿಲ್ಲ. ತೆಂಗಿನಕಾಯಿ ಒಡೆದಂಥ ಒಂದು ಸದ್ದಾಗಿ ಮೇಲಿನ ಕೀಲು ಬಾಗಿಲ ಚೌಕಟ್ಟಿನ ಫೈಬರನ್ನೇ ಕಿತ್ತುಕೊಂಡು ಹೊರಬಂತು. ಬಾಗಿಲು ಹಗ್ಗದಲ್ಲಿ ನೇತಾಡಿತು. ಮೊರ ರಸ್ತೆಗೆ ಬಿದ್ದು ಬಳೆ, ಅಕ್ಕಿ, ಬೇಳೆ ಚೆಲ್ಲಿದವು.

ಆಂಬುಲೆನ್ಸ್ ಕರೆಸೋಣವೇ ಎಂದು ನಾನು ಕೇಳಿದೆ. ಓನರಮ್ಮ ಕಾರಿನೊಳಗಿದ್ದ ವಾಕರ್ ಹಿಡಿದು ಇಳಿದು, ಓಣಿಯುದ್ದಕ್ಕೂ ನಿಂತು ನಿಂತು ಮನೆಗೆ ಹಿಂತಿರುಗಿದರು. ಎಲ್ಲರೂ ಬಾಗಿಲಿಗೆ ಬಂದು ನೋಡುತ್ತಿದ್ದರು. ಓನರು ಅವರ ಪಕ್ಕ ನಡೆಯಲಿಲ್ಲ. ಹಂಪಿನ ಹತ್ತಿರವೇ ಕೂತು ಅಕ್ಕಿಯನ್ನು ಮಣ್ಣಿನಿಂದ ಆರಿಸುತ್ತಿದ್ದರು.

ಎಂಟು ದಿನಕ್ಕೆ ಅಕ್ಕ ತೀರಿಕೊಂಡರು. ಓನರು ಅಂತ್ಯಕ್ರಿಯೆಗೆ ಬೈಕಿನಲ್ಲಿ ಹೋಗಿಬಂದರು. ಓನರಮ್ಮ ಹೋಗಲಿಲ್ಲ. "ಅವ್ಳು ಕಣ್ ಬಿಟ್ಟಿದ್ದಾಗ ಓಗ್ಬೇಕಿತ್ತು" ಎಂದಷ್ಟೇ ಹೇಳಿದರಂತೆ. ಆ ವರ್ಷದ ಕೊನೆಗೆ ನಾನು ಕಾಲೇಜು ಬಿಟ್ಟೆ, ವಠಾರ ಬಿಟ್ಟೆ, ಮುಂದೆ ಪ್ರಬಂಧವನ್ನೂ ಬಿಟ್ಟೆ. ಕಾರು ಶೆಡ್ಡಿನಲ್ಲೇ ಇತ್ತು. ಹೊರಡುವ ದಿನ ಓನರು ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿಕೊಟ್ಟು, "ಬರೀತಾ ಇರಿ ಮೇಷ್ಟ್ರೆ" ಎಂದರು. ಮತ್ತೆ ನಾನು ಆ ಕಡೆ ಹೋಗಲಿಲ್ಲ.

ಕಳೆದ ಭಾನುವಾರ ಹೋದೆ. ವಠಾರವಿದ್ದಲ್ಲಿ ನಾಲ್ಕು ಮಹಡಿಯ ಪಿಜಿ ಎದ್ದಿದೆ. ಮುಂದಿನ ಹಳೆಯ ಮನೆ ಹಾಗೇ ಇದೆ. ನಡುಮನೆಯ ಗೋಡೆಯಲ್ಲಿ ಓನರ ಫೋಟೊ, ಅದಕ್ಕೆ ಗಂಧದ ಹಾರ. ಹೋಗಿ ಎರಡು ವರ್ಷವಾಯಿತಂತೆ. ಓನರಮ್ಮ ಒರಗು ಕುರ್ಚಿಯಲ್ಲಿದ್ದರು. ಅದು ಆ ಕಾರಿನ ಸೀಟು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾರನ್ನು ಗುಜರಿಗೆ ಹಾಕಿದರಂತೆ. ಬಾಗಿಲನ್ನು ಗುಜರಿಯವನು ಮುಟ್ಟಲಿಲ್ಲ, ಫೈಬರ್ ಕರಗುವುದಿಲ್ಲವಲ್ಲ. ಅದು ಅಂಗಳದಲ್ಲಿ ನೀರಿನ ಸಂಪಿನ ಮೇಲೆ ಮುಚ್ಚಳವಾಗಿತ್ತು. ಬರುವಾಗ ಕಾಣದೆ ಅದರ ಮೇಲೆ ಕಾಲಿಟ್ಟಿದ್ದೆ. ಒಂದು ಮೂಲೆ ಎದ್ದು, ಕಾಲು ತೆಗೆದಾಗ ಲಟಕ್ಕೆಂದು ಕೂತಿತ್ತು. ಇಷ್ಟು ವರ್ಷದ ಮಳೆ ಬಿಸಿಲಿಗೂ ಅದರ ತಿರುಚು ಒಂದು ಕೂದಲೆಳೆ ಸರಿದಿರಲಿಲ್ಲ.

ಮಾತಿಗೆ ಮಾತು ಬಂದು, ಆ ಕೂಸು ಅಳದೇ ಇದ್ದಿದ್ದರೆ ಬಾಗಿಲನ್ನು ಕೆಳಗೇ ಮಾಡಬಹುದಿತ್ತು ಎಂದೆ.

"ಯಾವ್ ಕೂಸು?"

"ಪಕ್ಕದ ಮನೆಯವರದು. ವಾಸನೆ ಅಂತ ಆಕೆ ಬಂದು ಹೇಳಿದ್ದರಲ್ಲ."

ಓನರಮ್ಮ ನನ್ನನ್ನೇ ನೋಡಿದರು. "ಆ ಮಗ ಉಟ್ಟಿದ್ದು ಮಾರ್ನೇ ವರ್ಸ ಮೇಷ್ಟ್ರೆ. ನೀವ್ ಮನೆ ಬುಟ್ ಓದ್ಮೇಲೆ. ನಾಮ್ಕರ್ಣಕ್ಕೆ ನಾನೇ ಬೆಳ್ಳಿ ಲೋಟ ಕೊಟ್ಟಿದೀನಿ."

"ಹಾಗಾದರೆ ಯಾರು ಹೇಳಿದ್ದು?"

"ಯಾರೂ ಯೋಳ್ಲಿಲ್ಲ. ಬಾನೆಟ್ ಮಾಡೋವಾಗ ನೀವು ಕಿಟ್ಕಿ ಆಕ್ಕೊಂಡ್ರಿ. ಇವ್ರು ನೋಡುದ್ರು. ಬಾಗ್ಲು ಕೆಳ್ಗೇ ಕಾರ್ಗೆ ಕಟ್ಟಿ ಮಾಡಾನ ಅಂತಿದ್ರು, ಅಂಗ್ ಮಾಡುದ್ರೇ ಸರ್ಯಾಗ್ತದೆ ಅಂತ ಅವ್ರಿಗ್ ಗೊತ್ತಿಲ್ವಾ? ಆಮ್ಯಾಕೆ, ಮೇಷ್ಟ್ರು ಬರೀತವ್ರೆ, ನಾಕ್ ದಿನ ವಾಸ್ನೆ ಕುಡ್ಸೋದು ಬ್ಯಾಡ, ಮ್ಯಾಕ್ ಎತ್ಕೊಂಡ್ ಓಗ್ತೀನಿ ಅಂದ್ರು." ಆಮೇಲೆ, "ನೀವೇನೂ ಅನ್ಲಿಲ್ಲ ಬುಡಿ. ಮುಖ ಚಿಕ್ಕದ್ ಮಾಡ್ಕೊಬ್ಯಾಡಿ. ಕಾಪಿ ಕುಡೀತೀರಾ?" ಎಂದರು.

ಕಾಫಿ ಕುಡಿದು ಬಂದೆ.

ಹಾಗಾದರೆ ಅಳುತ್ತಿದ್ದ ಆ ಕೂಸನ್ನು ನಾನು ಎಲ್ಲಿಂದ ತಂದೆ? ಅದರ ಅಳು ನನಗೆ ಈಗಲೂ ಕೇಳಿಸುತ್ತದೆ. ಅದರ ತಾಯಿಯ ಮಾತು ಕೇಳಿಸುತ್ತದೆ, ಆಕೆ ತಲೆಗೆ ಹೊದ್ದ ಟವೆಲ್ಲು ಕಾಣುತ್ತದೆ. ಇರದಿದ್ದ ಒಂದು ಮಗುವನ್ನು ಹನ್ನೆರಡು ವರ್ಷ ಸಾಕಿದ್ದೇನೆ. ಆ ದಿನಗಳಲ್ಲಿ ನಾನು ಏನು ಬರೆಯುತ್ತಿದ್ದೆ ಎಂದು ಹುಡುಕಿದೆ, ಒಂದು ಸಾಲೂ ನೆನಪಾಗಲಿಲ್ಲ. ಬರೆದಿರಲಿಕ್ಕೂ ಇಲ್ಲ. ಕರಡುಗಳು ಆ ಸಂಪಿನ ಮೇಲೆ, ಬಾಗಿಲಿನ ಚಿಪ್ಪಿನೊಳಗೆ, ಸುರುಳಿಯಾಗಿಯೇ ಇವೆ.

ಇವತ್ತು ಟ್ಯಾಂಕಿಗೆ ಎರಡನೆಯ ಪದರ ಹಚ್ಚುತ್ತಿದ್ದಾರೆ. ಕಿಟಕಿ ಮುಚ್ಚಿಕೊಳ್ಳಿ ಎಂದು ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಬೆಳಿಗ್ಗೆಯೇ ಸಂದೇಶ ಬಂದಿದೆ. ಮನೆಯ ತುಂಬ ವಾಸನೆ. ನಾನು ಕಣ್ಣು ಮುಚ್ಚಿ ಬೊಮ್ಮಸಂದ್ರದ ಆ ಕೋಣೆಯಲ್ಲಿ ಕೂರಲು ನೋಡುತ್ತೇನೆ. ಮೇಜು ಸಿಗುತ್ತದೆ, ಕಿಟಕಿಯ ಹಸಿರು ಕಂಬಿ ಸಿಗುತ್ತದೆ, ಆಚೆ ಬ್ರಶ್ಶು ಡಬ್ಬಿಯ ಅಂಚಿಗೆ ಸವರುವ ಸದ್ದು ಸಿಗುತ್ತದೆ. ಅದು ನಿಂತು, ಓನರು ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿರಬೇಕು... ನಾನು ಎದ್ದು ಕೈ ಚಾಚಿದ್ದು, ಕದ ಮುಚ್ಚಿದ್ದು, ಎಷ್ಟು ಹೊತ್ತು ಕೂತರೂ ಬರುವುದಿಲ್ಲ.